ಅಟ್ಟದಿಂದ ಇಳಿದ ಹಾಡು

ದೊಡ್ಡಪ್ಪಾ,

ನಿಮ್ಮ ಮೇಲಿದ್ದ ಕೋಪ ಮೊನ್ನೆ ಭಾನುವಾರ, ಅರಳಗುಪ್ಪೆಯ ನಿಮ್ಮ ಮನೆ ಪಡಸಾಲೆಯಲ್ಲೇ ಪೂರ್ತಿ ಇಳಿದುಹೋಯಿತು. ತೀರಿಕೊಂಡವರ ಮೇಲೆ ತಿಂಗಳುಗಟ್ಟಲೆ ಮುನಿಸಿಕೊಂಡಿರುವುದು ಎಷ್ಟು ಕಷ್ಟ ಗೊತ್ತೇ? ಜಗಳ ಆಡೋಣವೆಂದರೆ ನೀವಿಲ್ಲ, ಬಿಟ್ಟುಬಿಡೋಣವೆಂದರೆ ನಾನು ನಿಮ್ಮ ವಂಶದವಳು. ಈಗ ಎದೆ ಹಗುರವಾಗಿದೆ. ಅದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ನನಗೆ ಹನ್ನೊಂದು ವರ್ಷವಾಗಿದ್ದಾಗ ನಿಮ್ಮ ಕಾಲು ಹಾರ್ಮೋನಿಯಂ ಮುಂದೆ ಕೂರಿಸಿ, ಐದು ಗೆರೆಗಳ ಮೇಲೆ ಸ್ವರ ಬರೆಯುವುದನ್ನು ಕಲಿಸಿದಿರಿ. ಮೈಸೂರಿನ ಬ್ಯಾಂಡಿನಲ್ಲಿ ಅಷ್ಟು ವರ್ಷ ಪಿಟೀಲು ನುಡಿಸಿ, ಊರಿಗೆ ಬಂದು ತೆಂಗಿನ ತೋಟ ನೋಡಿಕೊಳ್ಳುತ್ತಿದ್ದವರು ನೀವು. ಸಂಜೆಯಾದರೆ ಟೇಪ್ ರೆಕಾರ್ಡರಿನಲ್ಲಿ ಯೂರೋಪಿನ ಹಳೆಯ ಬರೋಕ್ ಕಾಲದ ಆರಿಯಾಗಳು, ಒಬ್ಬಳೇ ನಿಂತು ಹಾಡುವ ಹಾಡುಗಳು. ಅಡುಗೆಮನೆಯಿಂದ ದೊಡ್ಡಮ್ಮ, "ಶುರುವಾಯ್ತು ದೊರೆಸಾನಿ ಗೋಳು" ಎನ್ನುತ್ತಿದ್ದರು. ನೀವು ಬೆರಳು ಮಡಿಸಿ ಹೇಳುತ್ತಿದ್ದಿರಿ: ಮೊದಲೊಂದು ಭಾಗ, ಆಮೇಲೆ ಬೇರೆ ಭಾವದ್ದೊಂದು, ಕೊನೆಗೆ ಮತ್ತೆ ಮೊದಲಿನದೇ. ಹಾಗೆ ಮರಳಿ ಬರುವಾಗ ಮಾತ್ರ ಹಾಡುವವಳು ತನಗೆ ತೋಚಿದ ಅಲಂಕಾರ ಸೇರಿಸಿಕೊಳ್ಳಬೇಕು, ಅದು ಅವಳ ಹಕ್ಕು ಎಂದು.

ದೊಡ್ಡವಳಾಗಿ ಶಾಲೆಯಲ್ಲಿ ಪಾಠ ಹೇಳತೊಡಗಿದ ಮೇಲೆ, ಎರಡು ವರ್ಷ ಕೂತು ನಾನೇ ಅಂಥದ್ದೊಂದು ಆರಿಯಾ ಬರೆದು, ತಿಪಟೂರಿನಿಂದ ಬಸ್ಸು ಹತ್ತಿ ಬಂದ ದಿನ ನೆನಪಿದೆಯೇ? ಮಾತು ಕನ್ನಡದ್ದು, ಎರಡೇ ಸಾಲು. 'ಬಾಗಿಲು ತೆರೆದೇ ಇದೆ, ಬಂದುಬಿಡು' ಎಂದು ಶುರು. ಮೂರನೆಯ ಭಾಗದ ಒಂದೊಂದು ಅಲಂಕಾರವನ್ನೂ ನಾನೇ ಬರೆದು ತುಂಬಿಸಿದ್ದೆ, ಹೆಮ್ಮೆಯಿಂದ. ನೀವು ಕಾಲಲ್ಲಿ ತಾಳ ಹಾಕುತ್ತ ಕೊನೆಯವರೆಗೂ ಓದಿದಿರಿ. "ಹಾಡೋಳ್ಗೆ ಉಸ್ರಾಡಕ್ಕೂ ಜಾಗ ಬುಟ್ಟಿಲ್ವಲ್ಲೇ" ಎಂದಿರಿ. ಆಮೇಲೆ ಹಾಳೆಗಳನ್ನು ಸುರುಳಿ ಸುತ್ತಿ, ತೆಂಗಿನಕಾಯಿ ನೋಡುವವರ ಹಾಗೆ ಕಿವಿಯ ಹತ್ತಿರ ಹಿಡಿದು ಅಲುಗಿಸಿದಿರಿ. "ನೀರಾಡ್ತೈತೆ ಕಣೇ. ಅಟ್ಟುಕ್ಕೆ ಹಾಕು, ಬರೋ ವರ್ಷ ನೋಡಾನ." ನಿಮ್ಮ ಆಳು ನಕ್ಕುಬಿಟ್ಟ. ಹುರುಳಿಲ್ಲ, ಬರೀ ನೀರು, ಮೂಲೆಗೆ ಹಾಕು ಎಂದಂತೆ ಕೇಳಿಸಿ ನನಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಐದು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ. ಎರಡು ಸಲ ಹೇಳಿ ಕಳಿಸಿದಿರಿ. ನಾನು ಪಾಠ ಹೇಳುವ ಶಾಲೆಯಲ್ಲಿ ಪರೀಕ್ಷೆ ಎಂದೆ, ಇನ್ನೊಂದು ಸಲ ಜ್ವರ ಎಂದೆ. ಎರಡೂ ಸುಳ್ಳು. ಮೂರನೆಯ ಸಲ ಬಂದ ಸುದ್ದಿ ನೀವು ಕಳಿಸಿದ್ದಾಗಿರಲಿಲ್ಲ. ನಿಮ್ಮ ಕಾಲ ಬಳಿ ನಿಂತಾಗಲೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಇವರಿಗೆ ನನ್ನ ಕೆಲಸ ಹಿಡಿಸಲಿಲ್ಲ, ಇನ್ನು ಯಾವತ್ತೂ... ಅಳು ಕೂಡ ಬರಲಿಲ್ಲ ದೊಡ್ಡಪ್ಪ.

ವರ್ಷ ತುಂಬಿ ಅಟ್ಟದ ಕಾಯಿ ಇಳಿಸುವ ದಿನ ದೊಡ್ಡಮ್ಮ ಕರೆಸಿದರು. ಕಾಯಿಗಳ ನಡುವೆ ಗೊಬ್ಬರದ ಚೀಲದಲ್ಲಿ ಸುತ್ತಿಟ್ಟ ನನ್ನ ಹಾಳೆಗಳು. ನೀವೇ ಹತ್ತಿ ಇಟ್ಟಿದ್ದಂತೆ, ಆ ಮಂಡಿ ನೋವಿನಲ್ಲಿ.

"ತಿರಸ್ಕಾರ ಮಾಡಿದ್ದನ್ನ ಇಷ್ಟು ಜೋಪಾನ ಯಾಕೆ ಮಾಡಿದ್ರು?" ಎಂದೆ.

ದೊಡ್ಡಮ್ಮ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು. "ತಿರಸ್ಕಾರನಾ? ಲೇ, ನೀರಿಲ್ದಿರೋ ಕಾಯ್ನ ಯಾರಾದ್ರೂ ಅಟ್ಟುಕ್ಕೆ ಹಾಕ್ತಾರೇನೇ? ಅದು ಕೆಟ್ಟಿರ್ತೈತೆ, ತಿಪ್ಪೆಗೆ ಹೋಯ್ತದೆ. ನೀರು ತುಂಬಿರೋದ್ನೇ ಅಲ್ವಾ ಆರ್ಸಿ ಆರ್ಸಿ, ವರ್ಷ ಒಣಗಿ ಕೊಬ್ಬರಿ ಆಗ್ಲಿ ಅಂತ ಮೇಲಕ್ಕೆ ಹಾಕೋದು? ಅವತ್ತು ರಾತ್ರಿ ಉಣ್ಣುವಾಗ ಏನಂದ್ರು ಗೊತ್ತಾ? 'ಗಟ್ಟಿ ಕಾಯಿ ಕಣೇ, ಚಿನ್ನದಂಥ ಕೊಬ್ಬರಿ ಆಯ್ತದೆ' ಅಂದ್ರು."

ತೆಂಗಿನ ಸೀಮೆಯಲ್ಲಿ ಹುಟ್ಟಿ, ಇದೇ ಅಟ್ಟದ ಕೆಳಗೆ ಆಡಿ ಬೆಳೆದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ! ಸಿಪ್ಪೆಯ ರಾಶಿಯ ಮೇಲೆ ಕೂತು ಅತ್ತೆ, ನಕ್ಕೆ, ಮತ್ತೆ ಅತ್ತೆ. ನೀವಾದರೂ ಇನ್ನೊಂದು ಮಾತು ಬಿಡಿಸಿ ಹೇಳಿದ್ದರೆ ಏನಾಗುತ್ತಿತ್ತು? ಇಲ್ಲ, ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಅದೂ ನಿಮಗೆ ಗೊತ್ತಿತ್ತು.

ಮನೆಗೆ ಬಂದು ಮೂರನೆಯ ಭಾಗವನ್ನು ಪೂರ್ತಿ ಹೊಡೆದುಹಾಕಿದೆ. 'ಮೊದಲಿಂದ' ಎಂದಷ್ಟೇ ಬರೆದೆ. ತುರುವೇಕೆರೆಯ ಚರ್ಚಿನಲ್ಲಿ ಹಾಡುವ ಗ್ರೇಸಿ ಟೀಚರಿಗೆ ಕಲಿಸಿದೆ. ಮೊನ್ನೆ ಭಾನುವಾರ ಅವರು ನಿಮ್ಮ ಪಡಸಾಲೆಯಲ್ಲಿ ನಿಂತು ಹಾಡಿದರು. ನಾನು ಹಾರ್ಮೋನಿಯಂ ತುಳಿದೆ. ತಿದಿ ಎರಡು ಕಡೆ ಹರಿದಿದೆ, ಕ್ಷಮಿಸಿ, ಬುಸುಗುಟ್ಟಿತು. 'ಬಾಗಿಲು ತೆರೆದೇ ಇದೆ' ಎರಡನೆಯ ಸಲ ಮರಳಿ ಬಂದಾಗ, ಗ್ರೇಸಿ ಟೀಚರ್ 'ಬಂದುಬಿಡು' ಎಂಬಲ್ಲಿ ನಾನು ಎಂದೂ ಯೋಚಿಸದ ಒಂದು ತಿರುವು ತೆಗೆದುಕೊಂಡು ಮೇಲೆ ಹೋದರು. ಇಳಿಯಲು ಅವಸರವನ್ನೇ ಮಾಡಲಿಲ್ಲ. ನಾನು ಒಂದೇ ಸ್ವರ ಒತ್ತಿ ಹಿಡಿದು, ಅವರು ಇಳಿಯುವವರೆಗೂ ತುಳಿಯುತ್ತಲೇ ಇದ್ದೆ. ನಾನು ಬರೆದು ತುಂಬಿಸಿದ್ದರೆ ಅದಕ್ಕೆ ಜಾಗ ಎಲ್ಲಿರುತ್ತಿತ್ತು?

ಹಾಡು ಮುಗಿದ ಮೇಲೆ ದೊಡ್ಡಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಆ ದೊರೆಸಾನಿನ ಇನ್ನೊಂದ್ಸಲ ಹಾಡ್ಸೇ" ಎಂದರು. ನಲವತ್ತು ವರ್ಷ ನೀವು ಕಾದ ಮಾತಲ್ಲವೇ ಅದು? ನಿಮ್ಮ ಪರವಾಗಿ ನಾನು ಕೇಳಿಸಿಕೊಂಡೆ.

ಇನ್ನೊಂದು ಬರೆಯಲು ಹಿಡಿದಿದ್ದೇನೆ ದೊಡ್ಡಪ್ಪ. ಈ ಸಲದ ಕಾಯಿ ಏರಿಸುವ ಹೊತ್ತಿಗೆ ಅದನ್ನೂ ತಂದು, ನಾನೇ ಏಣಿ ಹತ್ತಿ, ನೀವು ಇಟ್ಟಿದ್ದ ಜಾಗದಲ್ಲೇ ಇಡುತ್ತೇನೆ. ನಿನ್ನೆ ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡಿದೆ. ನೀರು ತುಂಬಿದೆ.

ನಿಮ್ಮ,
ಸಾವಿತ್ರಿ