ಕೋಟಿನ ಗುಂಡಿ ಯಾವ ಕಡೆ?

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಗಡಿಬಿಡಿಗೆ,

ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ನಲವತ್ತು ಮೀಟರ್ ಎತ್ತರದಲ್ಲಿ ಕ್ರೇನಿನ ಗಾಜಿನ ಗೂಡಿನಲ್ಲಿ ದಿನಕ್ಕೆ ಆರು ಗಂಟೆ ಬಗ್ಗಿ ಕೆಳಗೆ ನೋಡುತ್ತ ಕೂತರೆ ಯಾರ ಕುತ್ತಿಗೆಯಾದರೂ ಹಿಡಿದುಕೊಳ್ಳುತ್ತದೆ. ಬಿಸಿನೀರಿನ ಚೀಲ ಪೆಟ್ಟಿಗೆಯ ತಳದಲ್ಲಿದೆ, ಚಳಿಗಾಲದ ಬಟ್ಟೆಯ ಕೆಳಗೆ. ನೀನು ಇನ್ನೂ ಅಲ್ಲಿಯವರೆಗೆ ಕೈ ಹಾಕಿರಲಾರೆ ಎಂದು ಬಲ್ಲೆ. ಮೊನ್ನೆ ಕಂಟೇನರನ್ನು ಲಾರಿಯ ಮೇಲೆ ಸದ್ದೇ ಆಗದಂತೆ ಇಳಿಸಿದೆಯೆಂದೂ ತರಬೇತುದಾರರು ಕೆಳಗಿನಿಂದ ಚಪ್ಪಾಳೆ ತಟ್ಟಿದರೆಂದೂ ಬರೆದಿದ್ದೆಯಲ್ಲ, ಆ ಸಾಲನ್ನು ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಪೇಂಟರ್ ಅಣ್ಣ ನಂಬಲೇ ಇಲ್ಲ. ಮನೆಯಲ್ಲಿ ಒಂದು ಲೋಟವನ್ನೂ ಸದ್ದಿಲ್ಲದೆ ಇಡದವಳು ಎಂದು ನಾನೇ ಹಿಂದೊಮ್ಮೆ ಅವನಿಗೆ ಹೇಳಿದ್ದೆನಂತೆ. ನಾನು ಕ್ಷೇಮ. ಎಡಗೈ ಹೆಬ್ಬೆರಳಿಗೆ ಉಳಿ ತಾಗಿ ಸ್ವಲ್ಪ ಗಾಯವಾಗಿತ್ತು, ಒಣಗಿದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನಮ್ಮನ ಕಿವಿ ಗೊತ್ತಲ್ಲ, ನಾನು ತಾರಸಿಗೆ ಹೋಗಿ ಪಿಸುಗುಟ್ಟಿದರೂ ಅಡುಗೆಮನೆಯಿಂದ ಉತ್ತರ ಬರುತ್ತದೆ. ಅದಕ್ಕೇ ಕಾಗದ. ನೀನು ಕಳೆದ ಕಾಗದದಲ್ಲಿ, ತಿಂಗಳ ಕೊನೆಗೆ ತರಬೇತಿ ಬಿಡುವ ಪತ್ರ ಕೊಟ್ಟು ಮನೆಗೆ ಬಂದುಬಿಡುತ್ತೇನೆ, ಅಮ್ಮ ಹಗಲೆಲ್ಲ ಒಬ್ಬಳೇ ಮೂಲೆ ಹಿಡಿದು ಕೂತಿರುವಾಗ ನಾನಿಲ್ಲಿ ಆಕಾಶದಲ್ಲಿ ಕೂತು ಪೆಟ್ಟಿಗೆ ಎತ್ತುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ ಎಂದು ಬರೆದಿದ್ದೀಯ. ಅದನ್ನು ಅತ್ತೆಗೆ ಹೇಳಲಿಲ್ಲ. ನಿನಗೊಂದು ಕೇಳಿಕೆ. ಈ ಕಾಗದ ಪೂರ್ತಿ ಓದುವ ತನಕ ಆ ಪತ್ರವನ್ನು ಯಾರ ಕೈಗೂ ಕೊಡಬೇಡ. ನೀನು ಅರ್ಧ ಓದಿ ಬಸ್ಸು ಹತ್ತುವವಳು, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ನೀನು ಹೊರಟಾಗ ಅತ್ತೆ ಹೇಗಿದ್ದರೆಂದು ನಿನಗೆ ಗೊತ್ತು. ದೃಷ್ಟಿ ಪೂರ್ತಿ ಹೋದ ಮೇಲೆ ಗೇಟಿನ ತನಕವೂ ಬಂದವರಲ್ಲ. ಕಿಟಕಿ ಪಕ್ಕದ ಕುರ್ಚಿ, ಹಾಸಿಗೆ, ಬಚ್ಚಲು, ಮತ್ತೆ ಕುರ್ಚಿ. ಹೊಲಿಗೆ ಯಂತ್ರಕ್ಕೆ ಅವರೇ ಹಳೆ ಬೆಡ್‌ಶೀಟು ಹೊದಿಸಿ ಮೇಲೆ ಔಷಧಿ ಡಬ್ಬಿ ಇಟ್ಟಿದ್ದರು. ನೀನು ಹೋದ ಮೇಲೂ ಎರಡು ತಿಂಗಳು ಹಾಗೆಯೇ ಕಳೆಯಿತು. ಬೆಳಿಗ್ಗೆ ನಾನು ಮೇಜಿನ ಮೇಲೆ ಊಟ ಮುಚ್ಚಿಟ್ಟು ಹೋಗುತ್ತಿದ್ದೆ, ಸಂಜೆ ಬಂದರೆ ಅರ್ಧ ಹಾಗೇ ಇರುತ್ತಿತ್ತು. ಕೇಳಿದರೆ "ಹಸಿವಿಲ್ಲ ಅಳಿಯಂದಿರೇ, ಕೂತಲ್ಲೇ ಕೂತಿರೋಳಿಗೆ ಎಷ್ಟು ಬೇಕು" ಎನ್ನುತ್ತಿದ್ದರು. ಇದನ್ನು ಆಗ ನಿನಗೆ ಬರೆಯಲಿಲ್ಲ, ಬೈದರೆ ಬೈಸಿಕೊಳ್ಳುತ್ತೇನೆ.

ಜನವರಿಯಲ್ಲಿ ನಮ್ಮ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿ ಏಪ್ರಿಲ್‌ನಿಂದ ನಡೆಯುವ ಪ್ರದರ್ಶನಗಳ ಮಾತು ಶುರುವಾಯಿತು. ನೀನು ನೋಡಿದ್ದೀಯಲ್ಲ, ಪ್ರತಿ ಸಲವೂ ಇದೇ ಪಾಡು. ಕ್ಯುರೇಟರ್ ಮೇಡಂ ದೊಡ್ಡದಾಗಿ ಕನಸು ಕಾಣುತ್ತಾರೆ, ನಿರ್ದೇಶಕರು ಅದನ್ನು ಕತ್ತರಿಸುತ್ತಾರೆ, ಉಳಿದದ್ದಕ್ಕೆ ನಾನು ಫ್ರೇಮು ಹಾಕುತ್ತೇನೆ. ಈ ಸಲ ಮೇಡಂಗೆ ಕೆಳಗಿನ ಚಿಕ್ಕ ಕೋಣೆಯಲ್ಲಿ ಮುಟ್ಟಿ ನೋಡುವ ಚಿತ್ರಗಳು ಬೇಕಿತ್ತು. ಗೋಡೆಯ ಮೇಲಿನ ಐದು ಚಿತ್ರಗಳನ್ನು ಮರದ ಹಲಗೆಯ ಮೇಲೆ ಉಬ್ಬಾಗಿ ಕೆತ್ತಿಡಬೇಕು, ಕಣ್ಣು ಕಾಣದವರು ಬೆರಳಿನಿಂದ ನೋಡಬೇಕು. ನಿರ್ದೇಶಕರಿಗೆ ಅದೇ ಕೋಣೆ ಪುಸ್ತಕ ಮಾರಾಟಕ್ಕೆ ಬೇಕಿತ್ತು. "ಯಾರು ಬರ್ತಾರೆ ಮೇಡಂ ಅದಕ್ಕೆ?" ಎಂದರಂತೆ. ಕೊನೆಗೆ ಫೆಬ್ರವರಿಯ ಸಮಿತಿ ಸಭೆಗೆ ಎರಡು ಹಲಗೆ ಕೆತ್ತಿ ತೋರಿಸಿ, ಆಮೇಲೆ ನೋಡೋಣ ಎಂದಾಯಿತು. ಕೆತ್ತುವ ಕೆಲಸ ನನ್ನ ತಲೆಗೆ ಬಂತು. ಹನ್ನೊಂದು ವರ್ಷ ಚಿತ್ರಗಳಿಗೆ ಚೌಕಟ್ಟು ಮಾಡಿದವನು, ಚಿತ್ರ ಮಾಡಿದವನಲ್ಲ.

ಮೊದಲ ಹಲಗೆ ಕೆರೆಯ ದಡದಲ್ಲಿ ಮಲಗಿದ ಹಸು. ಮೂರು ವಾರ ಕೆತ್ತಿ, ಸ್ಯಾಂಡ್‌ಪೇಪರ್ ಉಜ್ಜಿ ನುಣ್ಣಗೆ ಮಾಡಿ, ಒಂದು ಶನಿವಾರ ಮನೆಗೆ ತಂದು ಅತ್ತೆಯ ತೊಡೆಯ ಮೇಲಿಟ್ಟೆ. ಏನೆಂದು ಹೇಳಲಿಲ್ಲ. ಬೆರಳಾಡಿಸಿದರು, ನಿಲ್ಲಿಸಿದರು, ಮತ್ತೆ ಆಡಿಸಿದರು. "ಸೋಫಾನಾ?" ಎಂದರು. ಹಸು ಅತ್ತೆ, ಎಂದೆ. "ಹಸುಗೆ ಕೈ ಇಟ್ಕೊಳ್ಳೋ ಜಾಗ ಯಾಕ್ರೀ ಮಾಡಿದೀರ?" ಎಂದು ಕೇಳಿದವರೇ ನಕ್ಕರು ನೋಡು, ಕಣ್ಣಲ್ಲಿ ನೀರು ಬರುವಷ್ಟು. ನಾನೂ ನಕ್ಕೆ. ಆ ನಗು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಸೋಫಾ ಕೆತ್ತಿದ್ದಕ್ಕೆ ನನಗೆ ಬೇಸರವೇ ಆಗಲಿಲ್ಲ.

ಅಂದಿನಿಂದ ನನಗೊಬ್ಬರು ಮೇಲಧಿಕಾರಿ ಸಿಕ್ಕರು. ಸಂಜೆ ಬಾಗಿಲು ತೆಗೆಯುವ ಮೊದಲೇ "ತಂದ್ರಾ?" ಎಂಬ ಪ್ರಶ್ನೆ. ನೀರೆಲ್ಲಿ ಮುಗಿಯಿತು, ದಡ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ ಎಂದು ತಕರಾರು. "ಎಲ್ಲಾನೂ ಒಂದೇ ಸಮ ನುಣ್ಣಗೆ ಮಾಡಿದ್ರೆ ಹೇಗೆ? ರೇಷ್ಮೆನೂ ಗೋಣಿನೂ ಬೆರಳಿಗೆ ಬೇರೆ ಬೇರೆ ಅನ್ನಿಸಬೇಕು." ನೀರನ್ನು ಮಾತ್ರ ನುಣುಪಾಗಿ ಬಿಟ್ಟು ದಡಕ್ಕೆ ಉಳಿಯ ಗುರುತು ಹಾಗೇ ಉಳಿಸಿದೆ. ಮೂರನೇ ಸಲಕ್ಕೆ ಹಸು ಹಸುವಾಯಿತು. ಅಂದು ತಟ್ಟೆಯಲ್ಲಿ ಒಂದು ತುತ್ತೂ ಉಳಿದಿರಲಿಲ್ಲ.

ಎರಡನೆಯ ಹಲಗೆ ಕೋಟು ತೊಟ್ಟ ಹೆಂಗಸಿನದು. ಆ ಚಿತ್ರ ನಿನಗೆ ನೆನಪಿರಬಹುದು, ಮೆಟ್ಟಿಲ ಹತ್ತಿರ ಇರುವುದು, ಮೊಣಕಾಲಿನ ತನಕ ಕಾಣುವಂತೆ ಕೂತ ಹೆಂಗಸು ನಮ್ಮನ್ನೇ ದಿಟ್ಟಿಸಿ ನೋಡುತ್ತಾಳೆ. ಬರೆದವರು ಯಾರೆಂದು ತಿಳಿದಿಲ್ಲ ಎಂದು ಕೆಳಗಿನ ಚೀಟಿಯಲ್ಲಿ ಬರೆದಿದೆ. ಅತ್ತೆ ಮುಖವನ್ನು ಬೇಗ ದಾಟಿ ಕೋಟಿಗೆ ಬಂದವರು ಅಲ್ಲೇ ನಿಂತರು. "ಗುಂಡಿ ತಪ್ಪು ಕಡೆ ಹಾಕಿದೀರ. ಇದು ಗಂಡಸರ ಕೋಟು." ನಾನು ಫೋನಿನಲ್ಲಿದ್ದ ಆ ಚಿತ್ರದ ಫೋಟೋ ತೆರೆದು ನೋಡಿದೆ. ಇಲ್ಲ, ಚಿತ್ರದಲ್ಲಿ ಇರುವುದೇ ಹಾಗೆ. "ಹಾಗಾದ್ರೆ ಬರೆದೋನಿಗೆ ಕಣ್ಣಿಲ್ಲ. ಎದೆ ಹತ್ರ ಬಟ್ಟೆ ಮಡಿಚಿ ಡಾರ್ಟ್ ಹಾಕಿ ಹೊಲಿದಿದಾರೆ, ಹೆಂಗಸಿನ ಅಳತೆಗೇ ಹೊಲಿದ ಕೋಟು. ಅಂಥಾ ಕೋಟಿಗೆ ಯಾವ ಟೈಲರ್ ಗುಂಡಿ ಬಲಕ್ಕೆ ಇಡ್ತಾನೆ?" ಎಂದು ಹಲಗೆಯನ್ನು ಪಕ್ಕಕ್ಕಿಟ್ಟುಬಿಟ್ಟರು, ಯಾರೋ ಗಿರಾಕಿ ಬಟ್ಟೆ ಹಾಳು ಮಾಡಿಕೊಂಡು ಬಂದ ಹಾಗೆ.

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ತಲೆ ಬಾಚಿಕೊಳ್ಳುತ್ತಿದ್ದ ಅತ್ತೆ ಬಾಚಣಿಗೆ ಹಿಡಿದುಕೊಂಡೇ ಗೋಡೆ ಸವರುತ್ತ ಬಚ್ಚಲ ಬಾಗಿಲಿಗೆ ಬಂದರು. "ಕನ್ನಡಿ ಅಳಿಯಂದಿರೇ, ಕನ್ನಡಿ! ಅವಳು ಕನ್ನಡಿ ಮುಂದೆ ಕೂತಿದಾಳೆ! ಮೂವತ್ತೆರಡು ವರ್ಷ ಗಿರಾಕಿಗಳ್ನ ಕನ್ನಡಿ ಮುಂದೆ ನಿಲ್ಲಿಸಿದೀನಿ, ಗುಂಡಿ ಆ ಕಡೆ ಕಾಣೋದು ಅದರೊಳಗೆ ಮಾತ್ರ." ಆಮೇಲೆ ಹಲಗೆ ತರಿಸಿಕೊಂಡು ನನ್ನ ಬೆರಳನ್ನು ಹಿಡಿದು ಆ ಹೆಂಗಸಿನ ಹೆಗಲ ಮೇಲಿಟ್ಟರು. ಒಂದು ಹೆಗಲು ಇನ್ನೊಂದಕ್ಕಿಂತ ಚೂರು ಮೇಲಿದೆ, ಆ ಕೈ ಚಿತ್ರದ ಅಂಚಿನಿಂದ ಆಚೆ ಹೋಗಿದೆ. ಕೆತ್ತಿದವನು ನಾನೇ, ಆದರೂ ಗಮನಿಸಿರಲಿಲ್ಲ. "ಸುಮ್ನೆ ಕೂತವರ ಹೆಗಲು ಹೀಗಿರಲ್ಲ. ಈ ಕೈ ಕೆಲಸ ಮಾಡ್ತಿದೆ. ತನ್ನ ಚಿತ್ರ ತಾನೇ ಬರೀತಿದಾಳೆ ಕಣ್ರೀ." ನನ್ನ ಬಾಯಲ್ಲಿ ಇನ್ನೂ ಪೇಸ್ಟಿನ ನೊರೆಯಿತ್ತು.

ಮೇಡಂಗೆ ಹೇಳಿದೆ. ಅವರು ಕುಡಿಯುತ್ತಿದ್ದ ಕಾಫಿ ಬಿಟ್ಟು ಆ ಚಿತ್ರದ ಮುಂದೆ ಹೋಗಿ, ತಮ್ಮ ಹೆಗಲನ್ನೂ ಹಾಗೇ ಎತ್ತಿ ನೋಡಿದರು. ಸಂಜೆ ನನ್ನ ಜೊತೆಗೇ ಮನೆಗೆ ಬಂದರು, ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಮೊದಲಿಂದ ಕೇಳಿದರು. ಇದೇ ನಿಜವೆಂದು ಖಂಡಿತ ಹೇಳಲಾಗದು, ಆದರೆ ಇಷ್ಟು ವರ್ಷ ಯಾರಿಗೂ ಇದು ಹೊಳೆಯಲಿಲ್ಲವಲ್ಲ ಎಂದರು. ಗುರುವಾರ ಸಮಿತಿಗೆ ಬಂದು ನೀವೇ ಹೇಳಬೇಕು ಎಂದೂ ಕೇಳಿಕೊಂಡರು. ಅತ್ತೆ ತಲೆ ಅಲ್ಲಾಡಿಸಿದರು. ಆಗಲ್ಲಮ್ಮ, ನಾಲ್ಕು ಜನರ ಎದುರು ತಡಕಾಡಿಕೊಂಡು ಓಡಾಡೋದು ನನಗೆ ಬೇಡ, ಎಂದರು. ಮೇಡಂ ಒತ್ತಾಯ ಮಾಡಲಿಲ್ಲ. ಎದ್ದು ಚಪ್ಪಲಿ ಹಾಕಿಕೊಳ್ಳುತ್ತ, "ಸರಿ, ನಾನೇ ಹೇಳ್ತೀನಿ ಬಿಡಿ. ಹೆಂಗಸರ ಕೋಟಿಗೆ ಗುಂಡಿ ಬಲಗಡೆ ಇರುತ್ತೆ, ಅದಕ್ಕೇ..." ಎಂದು ಶುರು ಮಾಡಿದರು. ಅತ್ತೆ ಕುರ್ಚಿಯಿಂದ ಅರ್ಧ ಎದ್ದೇ ಬಿಟ್ಟರು. "ಎಡಗಡೆ! ಅಯ್ಯೋ, ಇವರು ಹೋಗಿ ಎಡವಟ್ಟು ಮಾಡ್ತಾರೆ. ನಾನೇ ಬರ್ತೀನಿ." ಮೇಡಂ ಬೇಕೆಂದೇ ತಪ್ಪು ಹೇಳಿದರೋ ಏನೋ, ನಾನು ಇನ್ನೂ ಕೇಳಿಲ್ಲ. ಬಾಗಿಲ ಬಳಿ ನನ್ನ ಕಡೆ ನೋಡಿದ ರೀತಿ ಮಾತ್ರ ಅಷ್ಟೇನೂ ಮುಗ್ಧವಾಗಿರಲಿಲ್ಲ.

ಗುರುವಾರ ನನ್ನ ತೋಳು ಹಿಡಿದು ಅತ್ತೆ ಗೇಟು ದಾಟಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಮೂರು ದಿನ ಗುರುತು ಇತ್ತು. ಸಭೆಯಲ್ಲಿ ಉದ್ದನೆಯ ಮೇಜು, ಆರು ಜನ, ಎಲ್ಲರ ಮುಂದೆಯೂ ಕಾಗದ. ನಿನ್ನಮ್ಮ "ಇಲ್ಲಿ ದೊಡ್ಡವರು ಯಾರು?" ಎಂದು ಕೇಳಿ, ನಿರ್ದೇಶಕರನ್ನು ಎಬ್ಬಿಸಿ ಹತ್ತಿರ ಕರೆಸಿಕೊಂಡರು. ಅವರ ಅಂಗಿಯ ಗುಂಡಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟು "ನೋಡಿ, ಗಂಡಸರಿಗೆ ಈ ಕಡೆ" ಎನ್ನುತ್ತ ಹೋದವರು ನಾಲ್ಕನೆಯದರ ಹತ್ತಿರ ತಡೆದರು. "ಇದನ್ನ ನೀವೇ ಹೊಲ್ಕೊಂಡಿದ್ದಾ ಸರ್?" ನಿರ್ದೇಶಕರ ಮುಖ ಕೆಂಪಾಯಿತು. ಹೌದು ಎಂದರು. "ಪರವಾಗಿಲ್ಲ, ಗಟ್ಟಿಯಾಗಿದೆ. ದಾರ ಮಾತ್ರ ದಪ್ಪ ಆಯ್ತು." ಇಡೀ ಮೇಜು ನಕ್ಕಿತು. ಆಮೇಲೆ ಅತ್ತೆ ಕನ್ನಡಿಯ ಮಾತು ಹೇಳಿದಾಗ ಹಲಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ಕೋಣೆ ಸಿಕ್ಕಿತು. ಪುಸ್ತಕ ಮಾರಾಟ ಹೊರಗಿನ ಪಡಸಾಲೆಗೆ ಹೋಯಿತು. ಮುಟ್ಟುವ ಕೋಣೆಗೆ ಜನರನ್ನು ಕರೆದೊಯ್ದು ಚಿತ್ರ ಓದಿಸುವ ಕೆಲಸವನ್ನೂ ಅತ್ತೆಯೇ ಮಾಡಬೇಕೆಂದು ನಿರ್ದೇಶಕರೇ ಬಾಯಿ ಬಿಟ್ಟು ಕೇಳಿದರು.

ಎಲ್ಲವೂ ಸಲೀಸಾಗಿ ಆಯಿತೆಂದುಕೊಳ್ಳಬೇಡ. ಎರಡನೇ ಸಲ ಹೋದಾಗ ಸಂಗ್ರಹಾಲಯದ ಮುಂಬಾಗಿಲ ಮೆಟ್ಟಿಲಲ್ಲಿ ಎಡವಿ ಬಿದ್ದರು. ಮೊಣಕಾಲು ತರಚಿತು. ನಾನು ಮೆಟ್ಟಿಲಿನ ಬಗ್ಗೆ ಎಚ್ಚರಿಸಲಿಲ್ಲವೆಂದು ಎರಡು ದಿನ ಮಾತು ಬಿಟ್ಟರು, ಇನ್ನು ಬರುವುದೇ ಇಲ್ಲವೆಂದರು. ನನಗೂ ಭಯವಾಯಿತು, ಅಷ್ಟು ಕಷ್ಟಪಟ್ಟು ಹೊರಗೆ ಬಂದವರು ಮತ್ತೆ ಕುರ್ಚಿ ಸೇರಿದರಲ್ಲ ಎಂದು. ಮೂರನೇ ದಿನ ಕಾಫಿ ಕುಡಿಯುತ್ತ, ಮೆಟ್ಟಿಲ ಅಂಚಿಗೆ ಕಾಲಿಗೆ ತಿಳಿಯುವಂಥ ಪಟ್ಟಿ ಹೊಡೆಯೋಕೆ ಬರುತ್ತದೆಯೇ ಎಂದು ಕೇಳಿದರು. ಅಂದೇ ಹೊಡೆದೆ. ಈಗ ಮಂಗಳವಾರ, ಶುಕ್ರವಾರ ನನ್ನ ಜೊತೆ ಬರುತ್ತಾರೆ. ಹತ್ತೊಂಬತ್ತು ಮೆಟ್ಟಿಲು, ಕೋಲು ಹಿಡಿದು ಒಬ್ಬರೇ ಹತ್ತುತ್ತಾರೆ. ನಾನು ಹಿಂದೆ ಕೈ ಚಾಚಿಕೊಂಡು ಹತ್ತುತ್ತೇನೆ. ಅದು ಅವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೇನೆ.

ಕಣ್ಣು ಕಾಣುವವರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಆ ಕೋಣೆಗೆ ಬರಬೇಕೆಂಬುದು ಅತ್ತೆಯ ಷರತ್ತು. ಸಂಗ್ರಹಾಲಯದವರು ಪಟ್ಟಿಗಳನ್ನು ಅಂಗಡಿಯಿಂದ ತರಿಸುತ್ತೇವೆಂದರು. ಅತ್ತೆ ಒಪ್ಪಲಿಲ್ಲ. ಕಳೆದ ಭಾನುವಾರ ಬೆಡ್‌ಶೀಟು ತೆಗೆದು, ಯಂತ್ರಕ್ಕೆ ಎಣ್ಣೆ ಬಿಟ್ಟು, ಬಾಬಿನ್‌ಗೆ ದಾರ ಸುತ್ತಿ ಕೂತರು. ಸೂಜಿಗೆ ದಾರ ಪೋಣಿಸುವುದಷ್ಟೇ ನನ್ನ ಪಾಲಿಗೆ. ಬಟ್ಟೆಯ ಅಂಚಿಗೆ ತೋರುಬೆರಳು ಇಟ್ಟು ಅವರು ಪೆಡಲ್ ತುಳಿದಾಗ ಮನೆಯಲ್ಲಿ ಆ ಸದ್ದು ಎದ್ದಿತು ನೋಡು, ನಾನು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವುದನ್ನು ಬಿಟ್ಟು ನಿಂತುಬಿಟ್ಟೆ. ಮೊದಲ ಪಟ್ಟಿ ಸೊಟ್ಟಗಿತ್ತು, ಬಿಚ್ಚಿದರು. ಸಂಜೆಯೊಳಗೆ ಎಂಟು ಪಟ್ಟಿ ನೆಟ್ಟಗೆ ಬಂದವು.

ಕಾಗದದ ಜೊತೆ ಈ ಸಲದ ಕಾರ್ಯಕ್ರಮದ ಕಿರುಹೊತ್ತಗೆ ಇಟ್ಟಿದ್ದೇನೆ, ಶುಕ್ರವಾರವಷ್ಟೇ ಅಚ್ಚಾಗಿ ಬಂತು, ಮಸಿ ವಾಸನೆ ಇನ್ನೂ ಹೋಗಿಲ್ಲ. ಇದು ಕೈಗೆ ಬರುವ ತನಕ ನಿನಗೆ ಏನೂ ಹೇಳಬಾರದೆಂದು ಅತ್ತೆ ನನ್ನ ಬಾಯಿ ಕಟ್ಟಿದ್ದರು. ದೊಡ್ಡ ಹಾಲಿನಲ್ಲಿ ಹಳೆ ವಿದ್ಯಾರ್ಥಿಗಳ ಚಿತ್ರಗಳು, ಮಹಡಿಯಲ್ಲಿ ಈ ವರ್ಷದವರ ಅಚ್ಚುಚಿತ್ರಗಳು, ಬುಧವಾರ ಮಧ್ಯಾಹ್ನ ಉಪನ್ಯಾಸ, ತಿಂಗಳ ಕೊನೆಯ ಭಾನುವಾರ ಅಂಗಳದಲ್ಲಿ ಯಾರು ಬೇಕಾದರೂ ಬಂದು ಮಣ್ಣಿನಲ್ಲಿ ಏನು ಬೇಕಾದರೂ ಮಾಡಬಹುದು. ಇವನ್ನು ಆಮೇಲೆ ಓದಿಕೋ, ಮೊದಲು ನಾಲ್ಕನೇ ಪುಟ ತೆಗೆ. 'ಬೆರಳಿನಿಂದ ಚಿತ್ರ ನೋಡೋಣ, ಏಪ್ರಿಲ್ ಐದರಿಂದ ಪ್ರತಿ ಶನಿವಾರ.' ನಡೆಸಿಕೊಡುವವರ ಹೆಸರಿನ ಮುಂದೆ ಪ್ರಚಾರದವರು 'ಅಂಧ ಮಾರ್ಗದರ್ಶಿ' ಎಂದು ಹಾಕಿದ್ದರು. ಕರಡು ಓದಿ ಹೇಳಿದಾಗ ಅತ್ತೆ "ಅದನ್ನ ಹೊಡೆದುಹಾಕಿ. ಕಾಣ್ಸಲ್ಲ ಅನ್ನೋದು ಬಂದವರಿಗೆ ಹೇಗೂ ಗೊತ್ತಾಗುತ್ತೆ. ಟೈಲರ್ ಅಂತ ಹಾಕಿ" ಎಂದರು. ಹಾಕಿದ್ದಾರೆ. ಮೆಟ್ಟಿಲ ಹತ್ತಿರದ ಚಿತ್ರಕ್ಕೂ ಹೊಸ ಚೀಟಿ ಬಂದಿದೆ: ಬಹುಶಃ ಇದು ಚಿತ್ರಕಾರ್ತಿ ಕನ್ನಡಿ ನೋಡಿ ಬರೆದುಕೊಂಡ ತನ್ನದೇ ಚಿತ್ರ. ಆ ಚೀಟಿಯ ಚೌಕಟ್ಟನ್ನು ನಾನೇ ಮಾಡಿದೆ, ಹನ್ನೊಂದು ವರ್ಷದಲ್ಲಿ ಅಷ್ಟು ಚಿಕ್ಕ ಚೌಕಟ್ಟಿಗೆ ಅಷ್ಟು ಹೊತ್ತು ಹಿಡಿದದ್ದಿಲ್ಲ.

ಇಷ್ಟೆಲ್ಲ ಬರೆದದ್ದು ಏಕೆಂದು ನಿನಗೆ ತಿಳಿದಿರಬೇಕು. ಬರಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ, ನೀನಿಲ್ಲದ ಮನೆ ನನಗೂ ಭಣಭಣ ಎನ್ನುತ್ತದೆ. ಆದರೆ ನೀನು ಬಿಟ್ಟುಹೋದ ಅಮ್ಮ ಈಗ ಆ ಕುರ್ಚಿಯಲ್ಲಿಲ್ಲ. ಇದನ್ನು ತಿಳಿದುಕೊಂಡು ನಿನ್ನ ನಿರ್ಧಾರ ನೀನು ಮಾಡು. ಸರಿಯಾಗಿ ಊಟ ಮಾಡು, ಮೇಲೆ ಹತ್ತುವಾಗ ಸೇಫ್ಟಿ ಬೆಲ್ಟು ಬಿಗಿದುಕೋ. ನಿನ್ನ ತರಬೇತುದಾರರಿಗೆ ಬಡಗಿಯೊಬ್ಬನ ನಮಸ್ಕಾರ ಹೇಳು.

ಸದಾ ನಿನ್ನ ದಾರಿ ಕಾಯುವ, ಆದರೆ ಅವಸರವಿಲ್ಲದ,
ನಿನ್ನ ಬಡಗಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆ ಬಂದು ಎದುರಿಗೆ ಕೂತರು. ನಾನು ಕಾಗದ ಓದುವಾಗ ತುಟಿ ಅಲ್ಲಾಡಿಸಿ ಗುಣುಗುಣು ಎನ್ನುತ್ತೇನಂತೆ. ನೀನು ಬರೆದದ್ದೆಲ್ಲ ಅವರಿಗೆ ಬಂದ ದಿನವೇ ಗೊತ್ತಾಗಿದೆ! ಈಗ ಹೇಳುತ್ತಿದ್ದಾರೆ, ಹೇಳಿದ ಹಾಗೇ ಬರೆಯುತ್ತಿದ್ದೇನೆ: "ನನ್ನ ಹೆಸರು ಹೇಳ್ಕೊಂಡು ಆ ಕ್ರೇನಿಂದ ಇಳಿದು ಬರೋದು ಬೇಡ ಅನ್ನಿ. ಪೂರ್ತಿ ಕಲೀಲಿ. ಏಪ್ರಿಲ್ ಐದಕ್ಕೆ ಮಾತ್ರ ಎರಡು ದಿನ ರಜಾ ಹಾಕಿ ಬರ್ಲಿ. ಮೊದಲು ವಾಪಸ್ ಟಿಕೆಟ್ ತೆಗೀಲಿ, ಆಮೇಲೆ ಬರೋ ಟಿಕೆಟ್. ನನ್ನ ಗುಂಪಲ್ಲಿ ಎಂಟೇ ಜನ, ಏಳು ತುಂಬಿದೆ, ಎಂಟನೇದು ಅವಳಿಗೆ ಹಿಡಿದಿಟ್ಟಿದೀನಿ. ಎಲ್ಲರ ಥರ ಸಾಲಲ್ಲಿ ನಿಂತು ಪಟ್ಟಿ ಕಟ್ಕೊಂಡು ಬರ್ಬೇಕು. ಹನ್ನೊಂದು ಅಂದ್ರೆ ಹನ್ನೊಂದು ಗಂಟೆ. ತಡ ಮಾಡಿದ್ರೆ ಮಗಳು ಅಂತ ಬಾಗಿಲು ತೆಗೆಯಲ್ಲ."