ನನ್ನ ಹೆಸರಲ್ಲಿ ನಿನ್ನ ಗಂಟು

ಲೋ ತಮ್ಮ,

ಬೆಳಿಗ್ಗೆ ಕ್ಲಿನಿಕ್ಕಿನ ನರ್ಸ್ ಫೋನ್ ಮಾಡಿದ್ದಳು. "ಎದೆಯ ಗಂಟು ತೋರಿಸೋಕೆ ಸಂಜೆ ಬರ್ತೀರಲ್ಲಾ ಮೇಡಂ?" ಅಂದಳು. ನನ್ನ ಜೀವ ಬಾಯಿಗೆ ಬಂತು. ಹೋದ ವರ್ಷ ಸೂಜಿ ಚುಚ್ಚಿ ನೀರು ತೆಗೆದರಲ್ಲ, ಆ ಗಂಟೇ ತಿರುಗಿ ಬಂತೇನೋ ಅಂತ ಬಚ್ಚಲಿಗೆ ಓಡಿ ಮುಟ್ಟಿ ಮುಟ್ಟಿ ನೋಡಿಕೊಂಡೆ. ಅಲ್ಲೇ ಒಗೆಯೋಕೆ ಹಾಕಿದ್ದ ನಿನ್ನ ಬನಿಯನ್ ಕಣ್ಣಿಗೆ ಬಿತ್ತು. ಬಸ್ಸು ಓಡಿಸುವಾಗ ಸೀಟ್ ಬೆಲ್ಟು ಒತ್ತದಿರಲಿ ಅಂತ ಬಲಗಡೆ ದಿಂಬಿನ ಹತ್ತಿ ಇಟ್ಟು ಹೊಲಿದಿದ್ದೀಯ! ಗಂಡಸಿಗೆ ಮೊಲೆ ಊದಿದೆ ಅಂದ್ರೆ ಮಾನ ಹೋಗುತ್ತೆ, ಅಕ್ಕನ ಹೆಸರು ಬರೆಸಿದ್ರೆ ಹೋಗಲ್ಲ, ಅಲ್ವಾ?

ಕ್ಲಿನಿಕ್ಕಿಗೆ ಫೋನ್ ಮಾಡಿ ನನ್ನ ಹೆಸರು ತೆಗೆಸಿ ನಿನ್ನ ಹೆಸರು ಬರೆಸಿದ್ದೀನಿ. ಬಾಯಿ ಮುಚ್ಚಿಕೊಂಡು ಹೋಗು. ನೀನು ಅದಕ್ಕೆ ಕದ್ದು ಹಚ್ಚಿಕೊಳ್ತಿದ್ದ ನೋವಿನ ಮುಲಾಮನ್ನ ಕಸಕ್ಕೆ ಹಾಕಿದ್ದೀನಿ. ದಿನಾ ಹಿಸುಕಿ ನೋಡಬೇಡ, ಅದೇನು ಹಾರ್ನಾ? ನೀನು ದಿನಾ ನುಂಗ್ತೀಯಲ್ಲ, ಅಂಥ ಕೆಲವು ಬಿಪಿ ಮಾತ್ರೆಗಳಿಂದಲೂ ಗಂಡಸರಿಗೆ ಹೀಗಾಗುತ್ತಂತೆ. ಹಾಗಂತ ನೀನೇ ಮಾತ್ರೆ ಬಿಟ್ಟೀಯ, ಜೋಕೆ! ಡಬ್ಬಿ ಸಮೇತ ತಗೊಂಡು ಹೋಗಿ ತೋರಿಸು. ಇಂಥವು ಹೆಚ್ಚಿನಂಶ ಕ್ಯಾನ್ಸರ್ ಅಲ್ಲವಂತೆ. ಆದ್ರೆ ಅದನ್ನ ಹೇಳಬೇಕಾದೋರು ಡಾಕ್ಟ್ರು, ನಿನ್ನ ಕಂಡಕ್ಟರ್ ಅಲ್ಲ.

ನಾನು ಕೆಲಸ ಮುಗಿಸಿ ನೇರ ಅಲ್ಲಿಗೇ ಬರ್ತೀನಿ. ಹೋದ ವರ್ಷ "ಅದು ಹೆಂಗಸರ ವಿಷಯ" ಅಂತ ನೀನು ಗೇಟಿನಾಚೆಯೇ ನಿಂತೆ. ಒಳಗೆ ಬೆಂಚಿನ ಮೇಲೆ ನಾನೊಬ್ಬಳೇ ಕೂತಿದ್ದೆ. ಇವತ್ತು ಅದೇ ಬೆಂಚಿನ ಮೇಲೆ ನಿನ್ನ ಪಕ್ಕದಲ್ಲೇ ಕೂರ್ತೀನಿ, ನಿನಗೆ ನಾಚಿಕೆ ಆಗಲಿ ಅಂತ.