ಬೀಗ ತೆಗೆದ ಮೂರು ಹಾಡು

ಏಪ್ರಿಲ್ 10, ಬುಧವಾರ

ಅಭ್ಯಾಸಕ್ಕೆ ಹದಿನಾಲ್ಕು ಜನ. ಹಾಜರಿ ಬರೆದೆ, ಚಹಾ ಹಂಚಿದೆ. ಕುರುಕಲು ಅಕ್ಕಿ ಬಿಲ್ಲೆಯ ಡಬ್ಬಿ ಎಂದಿನಂತೆ ಒಕಿನೊ ಕೈಯಲ್ಲೇ ಖಾಲಿ. ಜೂನ್ ಕೊನೆಗೆ ನಮ್ಮ ಗಾಯನ ವೃಂದ ಮುಚ್ಚುವುದು ಖಚಿತವಾಯಿತು. ಮೂವತ್ತು ವರ್ಷ! ಗಂಟಲು ಸರಿಯಿದ್ದವರಿಗೆ ಮೊಣಕಾಲು ಸರಿಯಿಲ್ಲ.

"ಹಳೇ ಹಾಡೆಲ್ಲಾ ಸಿ.ಡಿ. ಮಾಡ್ಸಿ ಎಲ್ಲರ್ಗೂ ಒಂದೊಂದು ಕೊಡೋಣ ಕಣ್ರೇ," ಅಂದಳು ಒಕಿನೊ. ಅಧ್ಯಕ್ಷೆ; ಅವಳು ಅಂದರೆ ಆಯಿತು. "ಹತ್ಸುಮಿ, ಎಲ್ಲಾ ನಿನ್ ಹತ್ರಾನೇ ಇದೆ ತಾನೆ?"

ಇದೆ ಅಂದೆ. ಕಾರ್ಯದರ್ಶಿ ನಾನು. ಒಂಬತ್ತು ವರ್ಷದ ಹಿಂದೆ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದು ನಾನೇ, ಹೊಸ ಪ್ಲೇಯರಿನ ಜೊತೆ ಬಂದ ಸಾಫ್ಟ್‌ವೇರಿನಲ್ಲಿ. ಆಮೇಲೆ ಕ್ಯಾಸೆಟ್ಟುಗಳನ್ನು ತೊಳೆದು ಒರೆಸಿ, ಸುಡದ ಕಸ ಒಯ್ಯುವ ದಿನ ಬೀದಿ ಮೂಲೆಯಲ್ಲಿ ಇಟ್ಟು ಬಂದೆ. ಇಷ್ಟು ಅಚ್ಚುಕಟ್ಟು ಯಾರಿಗಿದೆ ಅಂದುಕೊಂಡಿದ್ದೆ.

ಯಾಸುಯೊ ಈಗಲೂ ಮುಂದಿನ ಸಾಲಿನಲ್ಲೇ ಕೂರುತ್ತಾಳೆ. ಗಂಟಲಿನ ಆಪರೇಶನ್ ಆಗಿ ಎರಡು ವರ್ಷ. ದನಿ ಪೂರ್ತಿ ಹೋಗಿದೆ. ಬೇರೆಯವರಿಗೆ ಪುಟ ತಿರುವಿ ಕೊಡುತ್ತಾಳೆ. ಮಕ್ಕಳು ಗೀಚಿ ಅಳಿಸುವ ಹಲಗೆ ಒಂದಿದೆಯಲ್ಲ, ಅದರಲ್ಲಿ ಬರೆದು ತೋರಿಸಿದಳು: ನಾಗಿಗೆ ಕೇಳಿಸ್ಬೇಕು.

ನಾಗಿ ಅವಳ ಮೊಮ್ಮಗಳು. ಮೂರು ವರ್ಷ. ಅಜ್ಜಿಯ ದನಿ ಅವಳಿಗೆ ಗೊತ್ತೇ ಇಲ್ಲ.

ಏಪ್ರಿಲ್ 11, ಬೆಳಿಗ್ಗೆ 10

ಹಳೆಯ ಕಂಪ್ಯೂಟರ್ ಹೋದ ವರ್ಷ ಕೆಟ್ಟಿತು. ಹಾಡುಗಳು ಹೊಸದರಲ್ಲಿ ಇವೆ — ಅಳಿಯ ನಕಲು ಮಾಡಿ ಕೊಟ್ಟಿದ್ದ. ಹೆಸರುಗಳೆಲ್ಲ ಕಾಣುತ್ತವೆ. ಒತ್ತಿದರೆ ಹಾಡುವುದಿಲ್ಲ. ಅನುಮತಿ ಇಲ್ಲ ಅನ್ನುತ್ತದೆ.

ಪ್ಲೇಯರಿನ ಕಂಪನಿಗೆ ಫೋನ್. ನಲವತ್ತು ನಿಮಿಷ ವಾದ್ಯ ಸಂಗೀತ ಕೇಳಿಸಿದರು. ಆಮೇಲೆ ಒಬ್ಬ ಹುಡುಗ.

"ಆ ಥರದ ಫೈಲು ನಾವೀಗ ನಿಲ್ಸಿದೀವಿ ಮೇಡಂ. ಆ ಸಾಫ್ಟ್‌ವೇರು ಪ್ರತಿ ಹಾಡಿಗೂ ಬೀಗ ಹಾಕುತ್ತೆ; ಅದನ್ನ ತೆಗೆಯೋ ಅನುಮತಿ ಕೊಡೋ ಸರ್ವರ್ ಮುಚ್ಚಿಯಾಗಿದೆ."

"ಅಲ್ಲಪ್ಪಾ, ಅದರಲ್ಲಿರೋದು ನಮ್ದೇ ಹಾಡು. ನಾವೇ ಹಾಡಿದ್ದು."

"ಕ್ಷಮಿಸಿ ಮೇಡಂ."

ಹನ್ನೊಂದು ಸಲ ಕ್ಷಮೆ ಕೇಳಿದ. ಎಣಿಸಿದೆ. ಒಂದು ಹಾಡೂ ಕೊಡಲಿಲ್ಲ.

ಏಪ್ರಿಲ್ 17, ಬುಧವಾರ

ಹೇಳಿದೆ. ಎಲ್ಲರೂ ಕೆಂಡಾಮಂಡಲ.

"ಹಾಡಿದ್ದು ನಾವು, ಬೀಗ ಅವರ್ದಾ?" ಒಕಿನೊ ಮೇಜು ಗುದ್ದಿದಳು. ಚಹಾ ಚೆಲ್ಲಿತು. "ನಮ್ಮನೆ ಅಕ್ಕಿ ಡಬ್ಬಕ್ಕೆ ಅಂಗಡಿಯವನು ಬೀಗ ಹಾಕ್ಕೊಂಡು ಹೋದಂಗಾಯ್ತು! ಬರಿ ಹತ್ಸುಮಿ, ಖಾರವಾಗಿ ಒಂದು ಪತ್ರ ಬರಿ."

ಅಲ್ಲೇ ಕೂತು ಬರೆದೆ. ಗ್ರಾಹಕರನ್ನು ನಡುನೀರಿನಲ್ಲಿ ಕೈಬಿಟ್ಟಿರಿ, ಇತ್ಯಾದಿ. ಓದಿದಾಗ ಚಪ್ಪಾಳೆ. ಯಾಸುಯೊ ಕೂಡ ತಟ್ಟಿದಳು, ಎಲ್ಲರಿಗಿಂತ ಹೆಚ್ಚು ಹೊತ್ತು.

ಏಪ್ರಿಲ್ 18

ನಿನ್ನೆ ಬರೆಯದೆ ಬಿಟ್ಟದ್ದು.

ಎರಡು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಕಂಪನಿಯಿಂದ ಇ-ಮೇಲ್ ಬಂದಿತ್ತು. ಈ ಫೈಲು ನಿಲ್ಲಿಸುತ್ತಿದ್ದೇವೆ, ಒಂದು ವರ್ಷದೊಳಗೆ ಬೀಗ ತೆಗೆಯಿರಿ, ಹೀಗೆ ಹೀಗೆ ಮಾಡಿ, ಉಚಿತ. ಓದಿದ್ದೆ. ಮಾಡಲೂ ಕೂತಿದ್ದೆ. ಒಂದೊಂದೇ ಹಾಡು ಆರಿಸಬೇಕು, ಒಂದಕ್ಕೆ ನಾಲ್ಕು ನಿಮಿಷ. ಇದ್ದದ್ದು 214. ಮೂರು ತೆಗೆದೆ. ಮಧ್ಯಾಹ್ನವಾಯಿತು. ಎದ್ದು ಊದೊನ್ ಶ್ಯಾವಿಗೆ ಬೇಯಿಸಿಕೊಂಡೆ. ಮತ್ತೆ ಕೂರಲಿಲ್ಲ. ನಾಳೆ, ನಾಡಿದ್ದು... ವರ್ಷ ಕಳೆಯಿತು.

ಯಾವ ಮೂರು? ಬರೆದುಬಿಡುತ್ತೇನೆ. ನಾನು ಒಬ್ಬಳೇ ಹಾಡಿದವು. ಮೂವತ್ತು ವರ್ಷದಲ್ಲಿ ಮೂರೇ ಸಲ ನನಗೆ ಆ ಅವಕಾಶ ಸಿಕ್ಕಿದ್ದು, ಮೂರೂ ಸಲ ಯಾಸುಯೊ ನೆಗಡಿಯಾಗಿ ಮನೆಯಲ್ಲಿದ್ದಳು. ಅವಳು ಒಬ್ಬಳೇ ಹಾಡಿದವು ಅರವತ್ತೊಂದು ಇದ್ದವು. ಪಟ್ಟಿಯಲ್ಲಿ ಮೊದಲು ಅವೇ ಇದ್ದವು. ದಾಟಿ ಕೆಳಗೆ ಹೋಗಿ ನನ್ನವನ್ನು ಹುಡುಕಿದೆ.

ಅದು ಅವಳು ಆಸ್ಪತ್ರೆಗೆ ಸೇರಿದ ವಾರ.

ಮೇ 9, ಗುರುವಾರ

ಉತ್ತರ ಬಂತು. ದಪ್ಪ ಕಾಗದ, ಬಹಳ ವಿನಯ. ಮೂರು ಬಾರಿ ಸೂಚನೆ ಕಳಿಸಿದ್ದೇವೆ ಎಂದು ದಿನಾಂಕ ಕೊಟ್ಟಿದ್ದಾರೆ. ಕೆಳಗೆ: "ನಮ್ಮ ದಾಖಲೆಯ ಪ್ರಕಾರ ತಮ್ಮ ಕಂಪ್ಯೂಟರಿನಿಂದ ಮೂರು ಹಾಡುಗಳ ಬೀಗವನ್ನು ತೆಗೆಯಲಾಗಿದೆ." ಹಾಡುಗಳ ಹೆಸರೂ ಇದೆ.

ಕಿಮೋನೊ ಇಡುವ ಪೆಟ್ಟಿಗೆಯ ತಳಕ್ಕೆ ತುರುಕಿದೆ. ಈ ವಯಸ್ಸಿನಲ್ಲಿ ಕಾಗದ ಬಚ್ಚಿಡುವ ಕೆಲಸ.

ಮೇ 15, ಬುಧವಾರ

"ಉತ್ತರ ಬಂತಾ?"

"ಇಲ್ಲ." ನಾಲಿಗೆ ತಡವರಿಸಲೂ ಇಲ್ಲ.

"ನೋಡಿದ್ರಾ ಸೊಕ್ಕು! ಮುದುಕಿಯರು ಅಂತ ಅಸಡ್ಡೆ. ಪೇಪರಿಗೆ ಬರಿಯೋಣ. ಹತ್ಸುಮಿ ಹೆಸರಲ್ಲೇ ಬರ್ಲಿ, ಪಾಪ, ಓಡಾಡಿದ್ದು ಅವಳೇ." ಎಲ್ಲರೂ ಹೂಂ ಹೂಂ ಅಂದರು.

ಯಾಸುಯೊ ಹಲಗೆ ಎತ್ತಿದಳು: ಸಾಕು ಬಿಡಿ. ಹತ್ಸುಮಿ ಎಷ್ಟು ಅಂತ ಒದ್ದಾಡ್ತಾಳೆ. ಅಳಿಸಿ, ಮತ್ತೆ: ನಾಗಿಗೆ ನಾನು ಕಥೆ ಬರ್ದು ಕೊಡ್ತೀನಿ.

ಹೊರಡುವಾಗ ಒಂದು ಡಬ್ಬಿ ಕೊಟ್ಟಳು. ಕಳಲೆ ಹಾಕಿದ ಅನ್ನ, ತಾನೇ ಮಾಡಿದ್ದು. ತಿನ್ನಲಿಲ್ಲ. ಎಸೆಯಲೂ ಆಗಲಿಲ್ಲ. ಮೇಜಿನ ಮೇಲಿದೆ.

ಮೇ 16, ಸಂಜೆ 6

ಯಾಸುಯೊ ಮನೆಗೆ ಹೋಗಿ ಬಂದೆ. ಪೆಟ್ಟಿಗೆಯ ತಳದಿಂದ ಕಾಗದ ತೆಗೆದುಕೊಂಡು, ಆ ಮೂರು ಹಾಡುಗಳ ಸಿ.ಡಿ. ತೆಗೆದುಕೊಂಡು. ಚಾಪೆಯ ಮೇಲೆ ಹಣೆ ಊರಿದೆ. ಬುಧವಾರ ಎಲ್ಲರ ಮುಂದೆ ನಾನೇ ಓದುತ್ತೇನೆ, ಮೊದಲು ನೀನು ಓದು ಅಂದೆ.

ಓದಿದಳು. ಕನ್ನಡಕ ಒರೆಸಿ ಮತ್ತೆ ಓದಿದಳು. ಹಲಗೆ ತೆಗೆದುಕೊಂಡು ಬರೆದಳು: ನಂಗೆ ನೆಗಡಿ ಬಂದಿದ್ದ ದಿನಗಳು.

"ಹೌದು ಕಣೇ."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅಳಿಸಿದಳು. ಬರೆದಳು: ಹಾಕು. ಆವತ್ತಿಂದು ನಾನು ಕೇಳೇ ಇಲ್ಲ.

ಹಾಕಿದೆ. ಎರಡನೇ ಸಾಲಿಗೆ ನಾಗಿ ಒಳಗಿನಿಂದ ಓಡಿ ಬಂದಳು. ಯಾಸುಯೊಳ ತೊಡೆ ಏರಿ ಕೂತಳು. ಬಾಯಿ ತೆರೆದೇ ಕೇಳಿದಳು.

"ಇದು ಅಜ್ಜೀನಾ?"

ಯಾಸುಯೊ ನನ್ನ ಕಡೆ ನೋಡಿದಳು. ಆಮೇಲೆ ಮಗುವಿನ ಕಡೆ ತಿರುಗಿ, ಹೌದು ಅಂತ ತಲೆಯಾಡಿಸಿದಳು.

"ಎಷ್ಟ್ ಚೆನ್ನಾಗ್ ಹಾಡ್ತಿದ್ದೆ ಅಜ್ಜೀ! ಇನ್ನೊಂದ್ಸಲ!"

ಇನ್ನೊಂದು ಸಲ ಹಾಕಿದೆ. ನಾಲ್ಕು ಸಲ ಹಾಕಿದೆ. ಯಾಸುಯೊ ಮಗುವಿನ ಬೆನ್ನ ಮೇಲೆ ತಾಳ ಹಾಕುತ್ತಿದ್ದಳು, ನನ್ನ ಹಾಡಿಗೆ.

ಯಾರಿಗೂ ಹೇಳುವಂಥದ್ದಲ್ಲ, ಇಲ್ಲಾದರೂ ಬರೆಯಬೇಕು. ಚೆನ್ನಾಗಿದೆ ಅಂತ ಆ ಮಗು ಅಂದಾಗ ನನಗೆ ಮೊದಲು ಆದದ್ದು ನಾಚಿಕೆ ಅಲ್ಲ. ಮೊದಲು ಆದದ್ದು ಹೆಮ್ಮೆ.